ಸಲೋಮಿಯ ಪಾಲು

ಬಣಕಲ್, ೧೯೪೩

ಸಲೋಮಿ,

ಯುದ್ಧ ಶುರುವಾದ ವರ್ಷ ನೀನು ಅಹಮದನನ್ನು ಕಟ್ಟಿಕೊಂಡು ಘಟ್ಟ ಇಳಿದು ಹೋದೆ. ನಿನ್ನ ವಿಳಾಸ ಇಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಬೆಳಗಿನ ಆರಾಧನೆಯ ಹೊತ್ತಿಗೆ ನಮ್ಮ ಪುಟ್ಟ ಚರ್ಚಿನೊಳಕ್ಕೂ ಮಂಜು ಬಂದಿತ್ತು. ಪಕ್ಕದವರ ಮುಖ ಕಾಣದು. ಹಾಡು ಮಾತ್ರ ಒಂದೇ ಎದೆಯಿಂದ ಎದ್ದ ಹಾಗಿತ್ತು. ಅಯ್ಯನವರು ರೊಟ್ಟಿ ಮುರಿದು, "ನಾವೆಲ್ಲ ಕ್ರಿಸ್ತನ ಒಂದೇ ದೇಹ" ಎಂದರು. ತಮ್ಮ ತುಂಡು ತೆಗೆದುಕೊಂಡ ನಿಮ್ಮವ್ವ ಮತ್ತೆ ಕೈ ಚಾಚಿದರು.

"ಇನ್ನೊಂದು ಕೊಡಿ ಅಯ್ಯನೋರೆ, ನನ್ನ ಸಲೋಮಿಗೆ."

"ಅವಳನ್ನ ಸಭೆಯಿಂದ ಹೊರಗೆ ಹಾಕಿದೀವಲ್ಲಮ್ಮ."

"ಕಡಿದ ಜಾಗ ನಂಗಿನ್ನೂ ನೋಯ್ತದೆ. ದೇಹ ಒಂದೇ ಅಂದ್ರೆ ನಿಮಗೂ ನೋಯ್ಬೇಕಲ್ಲ?"

ಅಯ್ಯನವರು ಮತ್ತೆ ರೊಟ್ಟಿ ಕೈಗೆತ್ತಿಕೊಂಡರು. ಇನ್ನೊಂದು ತುಂಡು ಮುರಿದು ಕೊಟ್ಟರು. ಅವ್ವ ಅದನ್ನು ನನ್ನ ಅಂಗೈಯಲ್ಲಿಟ್ಟು, "ತಿನ್ನು ಮಗಾ, ಒಂದೇ ತಟ್ಟೇಲಿ ಉಂಡು ಬೆಳೆದೋರು ನೀವು" ಅಂದರು. ಮಂಜಿನೊಳಗಿಂದ ಯಾರೋ ನಿನ್ನ ಹೆಸರು ಹೇಳಿದರು. ಇನ್ಯಾರೋ ಆಮೆನ್ ಅಂದರು.

ನಾನು ತಿಂದೆ. ಅದು ಗಂಟಲಲ್ಲಿ ಇಳಿಯುವಾಗ, ಘಟ್ಟದ ಕೆಳಗಿನ ಯಾವುದೋ ಅಡುಗೆಮನೆಯಲ್ಲಿ ನೀನು ಕೆಲಸ ನಿಲ್ಲಿಸಿ ತಲೆ ಎತ್ತಿದೆ ಅನ್ನಿಸಿತು.

ಎತ್ತಿದೆಯಾ?

ನಿನ್ನ
ದೀನಮ್ಮ