ಹದಿನೇಳನೆಯವರು ಮಾತನಾಡಿದ ನಾಲ್ಕು ನಿಮಿಷ

ಸಂವಿಧಾನ ರಚನಾ ಆಯೋಗದ ಮಾನ್ಯ ಕಾರ್ಯದರ್ಶಿಗಳೇ,

ನಮ್ಮ ಪಟ್ಟಣದ ಸಾರ್ವಜನಿಕ ವಿಚಾರಣೆಯಲ್ಲಿ ಪೌರತ್ವದ ಕರಡು ವಿಧಿಗೆ ‘ಯಾರೊಬ್ಬರ ಆಕ್ಷೇಪವೂ ಇರಲಿಲ್ಲ’ ಎನ್ನುತ್ತದೆ ನಿಮ್ಮ ವರದಿ. ಅದು ಸುಳ್ಳು. ಆ ಸುಳ್ಳಿಗೆ ಆಧಾರ ಒದಗಿಸಿದವನು ನಾನು.

ಅಂದು ಧ್ವನಿಮುದ್ರಣದ ಹೊಣೆ ನನ್ನದಾಗಿತ್ತು. ಸಭಾಂಗಣದ ಎಂಟು ಫ್ಯಾನುಗಳ ಸದ್ದು ಸೇರದಿರಲೆಂದು, ಒಂದು ಮಟ್ಟಕ್ಕಿಂತ ಮೆಲ್ಲಗಿನ ಶಬ್ದವನ್ನು ಯಂತ್ರ ಬಿಟ್ಟುಬಿಡುವಂತೆ ಹೊಂದಿಸಿದ್ದೆ. ಹದಿನೇಳನೆಯವರಾಗಿ ಎದ್ದವರು ನನ್ನ ಅತ್ತಿಗೆ. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದ ದಾದಿ. ನೋವು ತಿನ್ನುವವರ ಮುಂದೆ ದನಿ ತಗ್ಗಿಸಿ ತಗ್ಗಿಸಿ, ಈಗ ಏರಿಸಬೇಕೆಂದರೂ ಏರದು. ಎರಡು ವರ್ಷದ ಕೂಸಾಗಿ ಗಡಿಯಾಚೆಯಿಂದ ಬಂದವರು. ತಂದೆ ಈ ನೆಲದಲ್ಲಿ ಹುಟ್ಟಿರಬೇಕೆನ್ನುವ ನಿಮ್ಮ ವಿಧಿ ಅವರನ್ನು ಅರವತ್ತರ ಹೊಸ್ತಿಲಲ್ಲಿ ಪರಕೀಯರನ್ನಾಗಿಸುತ್ತದೆ.

“ಈ ಊರಿನ ಅರ್ಧ ಜನರನ್ನ ಮೊದಲು ಎತ್ಕೊಂಡಿದ್ದು ಈ ಕೈ,” ಎಂದರು. “ನನ್ನನ್ನ ಹೊರಗಿನವಳು ಅಂತ ಬರೆಯೋ ಮುಂಚೆ ಅವರನ್ನೊಂದು ಮಾತು ಕೇಳಿ.”

ಸಭೆ ಚಪ್ಪಾಳೆ ತಟ್ಟಿತು. ಯಂತ್ರದಲ್ಲಿ ಅವರ ಮಾತು ಉಳಿಯಲಿಲ್ಲ, ಚಪ್ಪಾಳೆ ಉಳಿಯಿತು. ನಿಮ್ಮ ವರದಿಯಲ್ಲಿ ಅದು, ವಿಧಿಯನ್ನು ಹಾಡಿ ಹೊಗಳಿದ ಹದಿನಾರನೆಯವರಿಗೆ ಬಿದ್ದ ಚಪ್ಪಾಳೆಯಾಗಿದೆ.

ತಪ್ಪೊಪ್ಪಿಕೊಂಡು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ‘ಧ್ವನಿಮುದ್ರಿಕೆಯೇ ಅಧಿಕೃತ ದಾಖಲೆ’ ಎಂಬ ಒಂದು ಸಾಲಿನ ಉತ್ತರ ಬಂತು. ವೇದಿಕೆಯ ಮೇಲೆ ನಿಮ್ಮ ಮೂವರು ಸದಸ್ಯರಿದ್ದರಲ್ಲ, ಆ ಆರು ಕಿವಿಗಳನ್ನು ಹೊಂದಿಸಿದವರು ಯಾರು? ಅದು ನನ್ನ ಕೆಲಸವಾಗಿರಲಿಲ್ಲ.

ಅಂತಿಮ ತೀರ್ಪು ಜನರದ್ದೇ ಎನ್ನುತ್ತೀರಿ. ಆದರೆ ಮುಂದಿನ ತಿಂಗಳ ಜನಮತಗಣನೆಗೆ ಮತದಾರರ ಪಟ್ಟಿ ತಯಾರಾಗಿರುವುದು, ಇನ್ನೂ ಅಂಗೀಕಾರವಾಗದ ಅದೇ ವಿಧಿಯ ಪ್ರಕಾರ. ಅದರಲ್ಲಿ ಅತ್ತಿಗೆಯ ಹೆಸರಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಕುಲಾವಿಗೆ ಹೊಂದದ ತಲೆಯನ್ನು ಕೂಸೇ ಅಲ್ಲವೆನ್ನುವವರನ್ನು ಈಗ ಕಾಣುತ್ತಿದ್ದೇವೆ. ಪ್ರಸ್ತಾವನೆಯ ‘ಜನರಾದ ನಾವು’ ಎಂಬ ಸಾಲಿಗೆ ಆ ಜನರನ್ನು ಆರಿಸಿಕೊಟ್ಟವರು ಯಾರು, ಮಾನ್ಯರೇ?

ನಡೆದದ್ದನ್ನು ಅತ್ತಿಗೆಗೆ ಹೇಳಲು ನನಗೆ ಎರಡು ವಾರ ಬೇಕಾಯಿತು. ಅವರು ಮಡಚುತ್ತಿದ್ದ ಬಟ್ಟೆಯಿಂದ ತಲೆಯೆತ್ತಲಿಲ್ಲ. “ಬಿಡಪ್ಪ,” ಎಂದರು, “ಫ್ಯಾನ್ ಇಲ್ದಿದ್ರೆ ಅಲ್ಲಿ ಕೂರೋಕಾಗ್ತಿತ್ತಾ?”

ವಿಧಿ ಬದಲಾದೀತೆಂಬ ಭ್ರಮೆ ನನಗಿಲ್ಲ. ಬೇಡಿಕೆ ಒಂದೇ. ಅಂತಿಮ ವರದಿಯಲ್ಲಿ ಹದಿನಾರನೆಯವರ ಮತ್ತು ಹದಿನೆಂಟನೆಯವರ ನಡುವೆ ಇಷ್ಟು ಸೇರಿಸಿ: ‘ಇಲ್ಲಿ ಒಬ್ಬ ದಾದಿ ನಾಲ್ಕು ನಿಮಿಷ ವಿರೋಧಿಸಿ ಮಾತನಾಡಿದರು. ಚಪ್ಪಾಳೆ ಅವರದು.’

ಇಂತಿ,
ಫ್ಯಾನಿನ ಸದ್ದನ್ನು ಪೂರ್ತಿ ಅಡಗಿಸಿದ
ಧ್ವನಿಮುದ್ರಣ ತಂತ್ರಜ್ಞ