ನಟಿಯ ಬಾಯಲ್ಲಿ ಯಾರ ಮಾತು

ಶಾಲಿವಾಹನ ಶಕೆ 2371, ಅಧಿಕವೂ ಅಲ್ಲದ, ನಿಜವೂ ಅಲ್ಲದ ಆಷಾಢದ ಮೂವತ್ತೆಂಟನೆಯ ದಿನ.

ಇಪ್ಪತ್ತೊಂದನೆಯ ಶತಮಾನದ ಪೂಜ್ಯ ಓದುಗ ಮಹಾಜನಗಳೇ, ಸೋಫಾದಲ್ಲಿ ಒರಗಿದವರೇ, ಸಲೂನಿನಲ್ಲಿ ಸರದಿ ಕಾಯುವವರೇ, ದಂತವೈದ್ಯರ ಬಾಗಿಲಲ್ಲಿ ದವಡೆ ಹಿಡಿದು ಕುಳಿತವರೇ, ನಿಮ್ಮ ಮೊಮ್ಮಗನ ಮೊಮ್ಮಗನ ಮೊಮ್ಮಗಳ ಮಗನಾದ ನಾನು ಉದ್ದಂಡ ಎರಗಿ ಮಾಡುವ ಬಿನ್ನಹ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಪದಗಳೂ ನಮಗೆ ಹಾಗೇ ಕಾಣುತ್ತವೆ. 'ಬ್ರಾಂಡ್ ರಾಯಭಾರಿ' ಎಂಬಾತ ಯಾವ ದೇಶದಿಂದ ಯಾವ ದೇಶಕ್ಕೆ ನೇಮಕವಾಗುತ್ತಿದ್ದ ಎಂಬುದರ ಬಗ್ಗೆ ನಮ್ಮ ಪಂಡಿತರು ಎರಡು ಪಂಗಡವಾಗಿ, ಮದುವೆಮನೆಯಲ್ಲೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ.

ನಮ್ಮ ಕಾಲದಲ್ಲೂ ಸರಕುಂಟು, ಸಂತೆಯುಂಟು, ಹೊಗಳುವವರ ಸಾಲುಂಟು. ಆದರೆ ಯಾವುದಾದರೂ ಸರಕಿಗೆ ಮುಖ ಕೊಡುವವರು ಮೊದಲು 'ಮುಖಜಾಮೀನು' ಬರೆದುಕೊಡಬೇಕು. ಅಂದರೆ, ಆ ಸರಕನ್ನು ಊರಿನ ಚೌಕದಲ್ಲಿ ಕುಳಿತು ಒಂದು ವರ್ಷ ತಾವೇ ಬಳಸಿ ತೋರಿಸಬೇಕು. ತಲೆಗೆಣ್ಣೆಗೆ ಮುಖ ಕೊಟ್ಟಿದ್ದ ನಮ್ಮೂರ ಗಾಯಕನೊಬ್ಬ ವರ್ಷ ತುಂಬುವಷ್ಟರಲ್ಲಿ ಪೂರ್ತಿ ಬೋಳಾಗಿ, ಈಗ ಟೋಪಿಗೆ ಮುಖ ಕೊಡುತ್ತಿದ್ದಾನೆ. ಜನ ಅವನನ್ನು ನಂಬುತ್ತಾರೆ. ಇನ್ನೊಂದು ಏರ್ಪಾಡೂ ಇದೆ, ಅದರ ಹೆಸರು 'ಬಾಯ್ಗುರುತು'. ಅಚ್ಚಾದ ಯಾವ ಮಾತಿನ ಮೇಲಾದರೂ ಬೆರಳಿಟ್ಟರೆ, ಆ ಮಾತನ್ನು ನಿಜವಾಗಿ ಹೇಳಿದವರ ದನಿ ಕೇಳಿಸುತ್ತದೆ. ಇದು ಬಂದ ಮೇಲೆ ಮಂತ್ರಿಗಳ ಭಾಷಣಗಳಲ್ಲೆಲ್ಲ ಒಬ್ಬನೇ ಗುಮಾಸ್ತನ ಕೆಮ್ಮು ಕೇಳಿ, ಆತನನ್ನೇ ಚುನಾವಣೆಗೆ ನಿಲ್ಲಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಸ್ತುಸಂಗ್ರಹಾಲಯದಲ್ಲಿ ನಿಮ್ಮ ಕಾಲದ 'ಮನೆಮಂದಾರ' ಎಂಬ ವಾರಪತ್ರಿಕೆಯ ಒಂದು ಸಂಚಿಕೆಯಿದೆ. ಓದುಗ ಕೊಡುತ್ತಿದ್ದ ಬೆಲೆ ಅದರ ಕಾಗದಕ್ಕೂ ಸಾಲುತ್ತಿರಲಿಲ್ಲ. ಅದನ್ನು ಬದುಕಿಸುತ್ತಿದ್ದುದು ಕಂಪನಿಗಳು. ಮುಖಪುಟದಲ್ಲಿ ನಟಿ, ನಾಲ್ಕನೆಯ ಪುಟದಲ್ಲಿ ಆಕೆಯ ಸಂದರ್ಶನ, ಐದನೆಯ ಪುಟದಲ್ಲಿ ಆಕೆ ಸಣ್ಣಗಾಗಲು ಕುಡಿಯುವ ಪುಡಿ. ನಟಿಗೆ ಸಿನಿಮಾ ಬಿಡುಗಡೆಯ ವಾರಕ್ಕೆ ಪ್ರಚಾರ ಸಿಕ್ಕಿತು, ಪುಡಿಗೆ ನಟಿ ಸಿಕ್ಕಳು, ಪತ್ರಿಕೆಗೆ ಜಾಹೀರಾತು ಸಿಕ್ಕಿತು. ಮೂವರೂ ಪರಸ್ಪರ ಬೆನ್ನು ಕೆರೆದುಕೊಂಡು ಸುಖವಾಗಿದ್ದರು. ಐದನೆಯ ಪುಟದ ಮೂಲೆಯಲ್ಲಿ 'ಜಾಹೀರಾತು' ಎಂಬ ಪದವಿದೆ, ಇರುವೆ ಸತ್ತುಬಿದ್ದ ಗಾತ್ರದಲ್ಲಿ. ನಾಲ್ಕನೆಯ ಪುಟದಲ್ಲಿ ಅದೂ ಇಲ್ಲ.

ಆ ನಾಲ್ಕನೆಯ ಪುಟದಲ್ಲಿ ನಟಿ ರಿಯಾಂಶಿ ದಪ್ಪಕ್ಷರದಲ್ಲಿ ಹೀಗೆ ಹೇಳಿದ್ದಾಳೆ: 'ಮಾತ್ರೆಗಳಿಗೆಲ್ಲ ವಿದಾಯ, ಸಣ್ಣಸಿರಿ ಪುಡಿಯೇ ಉಪಾಯ!' ನಾವು ಅದರ ಮೇಲೆ ಬೆರಳಿಟ್ಟೆವು. ಕೇಳಿದ್ದು ನಟಿಯ ದನಿಯಲ್ಲ, ನಲವತ್ತೈದರ ಗಂಡಸೊಬ್ಬನ ಗೊಗ್ಗರು ಗಂಟಲು.

ಹುಡುಕಿದಾಗ ತಿಳಿದದ್ದಿಷ್ಟು. ಆತ ತಿಪ್ಪೇಶಿ, ಪತ್ರಿಕೆಯ ಉಪಸಂಪಾದಕ. ಚಳ್ಳಕೆರೆ ಕಡೆಯವನು, ಕನ್ನಡ ಮಾಧ್ಯಮದಲ್ಲಿ ಬಿ.ಎ., ಪ್ರಾಸ ಸಿಕ್ಕರೆ ಊಟ ಬಿಡುವ ಜಾತಿ. ನಟಿಗೆ ಮಾತಾಡಲು ಪುರುಸೊತ್ತಿರಲಿಲ್ಲ. ಆಕೆಯ ಪ್ರಚಾರ ನೋಡಿಕೊಳ್ಳುವವರು ಒಂದು ಫೋಟೊ ಕಳಿಸಿ, "ನೀವೇ ಏನಾದ್ರೂ ಚೆನ್ನಾಗಿ ಬರ್ಕೊಳ್ಳಿ" ಎಂದರು. ತಿಪ್ಪೇಶಿ ಬರೆದುಕೊಂಡ. 'ಆರೋಗ್ಯ ಅಂಗಳ' ಎಂಬ ಪ್ರಶ್ನೋತ್ತರವೂ ಅವನದೇ. ಪ್ರಶ್ನೆ ಕೇಳುವ ನೊಂದ ಗೃಹಿಣಿ ಅವನೇ, ಕೂದಲುದುರುವ ಕಾಲೇಜು ಹುಡುಗ ಅವನೇ, ಉತ್ತರಿಸುವ ಡಾಕ್ಟರ್ ಸುಮೇಧಾ ಕೂಡ ಅವನೇ. ಹನ್ನೊಂದು ವರ್ಷಗಳಲ್ಲಿ ಆ ಅಂಗಳಕ್ಕೆ ಹೊರಗಿನವರು ಯಾರೂ ಕಾಲಿಟ್ಟಿರಲಿಲ್ಲ.

ಒಂದು ಬುಧವಾರ ಕಾಲಿಟ್ಟರು. ಇನ್‌ಲ್ಯಾಂಡ್ ಪತ್ರ, ಗುಂಡನೆಯ ಅಕ್ಷರ. ನಮ್ಮಲ್ಲಿರುವ ಪ್ರತಿಯಲ್ಲಿ ಹೀಗಿದೆ: 'ಡಾಕ್ಟ್ರಮ್ಮನವರಿಗೆ ನಮಸ್ಕಾರ. ನನ್ನ ಮಗಳಿಗೆ ಹದಿನೇಳು. ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ತಗೊಂಡು ನಾಲ್ಕು ವರ್ಷದಿಂದ ಒಂದು ಸಲವೂ ಬಂದಿಲ್ಲ. ಆದರೆ ಮಾತ್ರೆಯಿಂದ ದಪ್ಪ ಆಗಿದ್ದೀನಿ ಅಂತ ಕನ್ನಡಿ ಮುಂದೆ ಅಳುತ್ತಾಳೆ. ರಿಯಾಂಶಿ ಹೇಳಿದ್ದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. ಬರುವ ಹುಣ್ಣಿಮೆಯಿಂದ ಮಾತ್ರೆ ಬಿಟ್ಟು ಪುಡಿ ಕುಡಿಯುತ್ತಾಳಂತೆ. ನಿಮ್ಮ ಉತ್ತರ ನೋಡುವವರೆಗೆ ತಡಿ ಅಂದಿದ್ದೇನೆ. ಪತ್ರಿಕೆಯಲ್ಲಿ ಬೇಡ ಅಂತ ಬಾರದೇ ಹೋದರೆ ಬಿಡಬಹುದು ಅಂತಲೇ ತಿಳಿದುಕೊಳ್ಳುತ್ತೇವೆ. ಹೆಸರು, ಊರು ಬೇಡ.'

ಹೆಸರು, ಊರು ಬೇಡ! ಇಂಥ ಅಂಕಣಗಳಿಗೆ ಬರೆಯುವವರು ಹೀಗೆ ಸಹಿ ಮಾಡುವುದು ವಾಡಿಕೆ. ತಿಪ್ಪೇಶಿಯೂ ತನ್ನ ಹುಸಿ ಪತ್ರಗಳಿಗೆ ಹಾಗೇ ಸಹಿ ಮಾಡುತ್ತಿದ್ದ. ಅದನ್ನು ನೋಡಿಯೇ ಆಕೆ ಕಲಿತಿರಬೇಕು. ಅಂಚೆ ಮುದ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದ, ಭೂತಗನ್ನಡಿಯಲ್ಲಿ ನೋಡಿದ. ಶಾಯಿ ಕಲಸಿಹೋಗಿತ್ತು. ಹುಣ್ಣಿಮೆಗೆ ಇನ್ನು ಒಂಬತ್ತು ದಿನ. ಅದಕ್ಕೆ ಮೊದಲು ಉಳಿದಿದ್ದದ್ದು ಒಂದೇ ಸಂಚಿಕೆ.

ಉತ್ತರ ಬರೆದು, ಪತ್ರದ ಜೊತೆಗೆ ಸಂಪಾದಕ ಜಯಸಿಂಹರ ಮೇಜಿಗೆ ಇಟ್ಟ. ಅವರು ಓದಿ ಮೆಚ್ಚಿದರು.

"ಏನ್ರೀ ತಿಪ್ಪೇಶಿ, ಈ ಸಲ ಭರ್ಜರಿಯಾಗಿ ಬರ್ದಿದೀರಲ್ರೀ! ಅಕ್ಷರಾನೂ ಬದಲಾಯಿಸಿದೀರ. ಆದ್ರೆ ಇದು ಬೇಡ, ಕಂಪನಿಯೋರು ಬೇಜಾರಾಗ್ತಾರೆ."

"ಸಾರ್, ಇದು ನಾನು ಬರ್ದಿದ್ದಲ್ಲ."

"ಮತ್ತೆ ನಮ್ಮತ್ತೆ ಬರ್ದಿದ್ರಾ?"

"ಅಂಚೇಲಿ ಬಂದಿದೆ ಸಾರ್. ನಿಜವಾದ ಓದುಗರು."

ಜಾಹೀರಾತು ವಿಭಾಗದ ಪ್ರಫುಲ್ಲಾ ಮೇಡಂ ಅಲ್ಲೇ ಕುಳಿತಿದ್ದರು. ಕಾಫಿ ಲೋಟ ಕೆಳಗಿಟ್ಟು ನಕ್ಕರು. "ನಿಜವಾದ ಓದುಗರಾ? ನಮಗಾ? ಫ್ರೇಮ್ ಹಾಕ್ಸಿ ಇಡ್ರೀ!"

ತಿಪ್ಪೇಶಿ ನಗಲಿಲ್ಲ. ಆಗ ಅವರ ನಗುವೂ ನಿಂತಿತು. "ನೋಡಿ ತಿಪ್ಪೇಶಿ, ಯುಗಾದಿವರೆಗೂ ಹಿಂದಿನ ಕವರ್ ಅವರದ್ದೇ. ಮಾತ್ರೆ ಬಿಡಬೇಡಿ, ಪುಡಿ ನಂಬಬೇಡಿ ಅಂತ ನಾವೇ ಅಚ್ಚು ಹಾಕಿದ್ರೆ ಆಫೀಸಿಗೆ ಬೀಗ. ಹದಿನಾರು ಜನ ಇದೀವಿ ಇಲ್ಲಿ. ನಿಮ್ಮ ಮನೇಲೂ ಮಕ್ಕಳಿದಾರೆ."

"ಆ ಮನೇಲೂ ಒಂದಿದೆ ಮೇಡಂ."

ಜಯಸಿಂಹರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೆಟ್ಟ ಮನುಷ್ಯರೇನಲ್ಲ. ಹಿಂದಿನ ವರ್ಷ ತಿಪ್ಪೇಶಿಯ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನವೂ ಬುತ್ತಿ ಕಳಿಸಿದವರು. "ಅವರಿಗೂ ಊರಲ್ಲಿ ಡಾಕ್ಟ್ರು ಅಂತ ಇರ್ತಾರಪ್ಪ," ಎಂದರು ಮೆಲ್ಲಗೆ. "ಇದನ್ನ ತೆಗೀರಿ. ಮೊಡವೆ ಮೇಲೆ ಒಂದು ಪ್ರಶ್ನೆ ಹಾಕಿ. ಪುಟ ಐದು ಗಂಟೆಗೆ ಹೋಗ್ಬೇಕು."

ತಿಪ್ಪೇಶಿ ತನ್ನ ಮೇಜಿಗೆ ಬಂದ. ಮೊಡವೆಯ ಪ್ರಶ್ನೆ ಬರೆದ, ಉತ್ತರವನ್ನೂ ಬರೆದ. ಆಗ ಗಂಟೆ ಮೂರೂಮುಕ್ಕಾಲು. ಆ ಪತ್ರ ಅವನ ಅಂಗಿಯ ಜೇಬಿನಲ್ಲಿತ್ತು. ಡಾಕ್ಟರ್ ಹೇಳಿದರೂ ಹುಡುಗಿ ಕೇಳುತ್ತಾಳೆಯೇ? ಗೋಡೆಗೆ ಅಂಟಿಸಿಕೊಂಡಿರುವುದು ಡಾಕ್ಟರ ಮಾತನ್ನಲ್ಲ. ಅವನದನ್ನು.

ಮುಂದೇನಾಯಿತೆಂದು ನಮ್ಮ ಸಂಗ್ರಹಾಲಯದ ಕಡತದಲ್ಲಿ

ಕಡತವೂ ಇಲ್ಲ, ಸಂಗ್ರಹಾಲಯವೂ ಇಲ್ಲ. 2371 ಇನ್ನೂ ಬಂದಿಲ್ಲ. ಇವತ್ತು ಬುಧವಾರ, ಈಗ ನಾಲ್ಕೂ ನಲವತ್ತು. ಮನೆಮಂದಾರ ಎಂದರೆ ನಿಮ್ಮ ಕೈಯಲ್ಲಿರುವುದೇ. ತಿಪ್ಪೇಶಿ ನಾನೇ. ಇದು ಕೊನೆಯ ಪುಟದ ನಗೆಬರಹ. ಜಯಸಿಂಹ ಸಾರ್ ಇದರ ಮೊದಲೆರಡು ಪ್ಯಾರಾ ಓದಿ, ನಗು ಬಂದರೂ ಬಾರದಿದ್ದರೂ ಸಹಿ ಹಾಕುತ್ತಾರೆ. ಅದಕ್ಕೇ ಅಷ್ಟು ದೂರದಿಂದ ಸುತ್ತಿ ಬಂದೆ.

ತಾಯಿ, ನೀವು ಯಾರೋ ನನಗೆ ಗೊತ್ತಿಲ್ಲ. ಡಾಕ್ಟರ್ ಸುಮೇಧಾ ಎಂಬುವರು ಯಾರೂ ಇಲ್ಲ. ನಟಿ ಆ ಮಾತು ಹೇಳಿಲ್ಲ, ಆಕೆ ಆ ಪುಡಿ ಕುಡಿಯುತ್ತಾಳೋ ಇಲ್ಲವೋ ನಾನು ಕೇಳಿಯೂ ಇಲ್ಲ. ಕುರ್ಚಿಯಲ್ಲಿ ಕೂತು, ಪ್ರಾಸ ಕೂಡಿತೆಂದು ನಾನು ಬರೆದದ್ದು ಅದು. ಫಿಟ್ಸ್ ಮಾತ್ರೆಯನ್ನು ಹಾಗೆ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ದಪ್ಪದ ಚಿಂತೆಯನ್ನು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೇ ಹೇಳಿ, ಬದಲಾಯಿಸುವುದಿದ್ದರೆ ಅವರು ಬದಲಾಯಿಸಲಿ. ಈ ಪುಟವನ್ನು ಮಗಳ ಕೈಗೆ ಕೊಡಿ, ಅವಳೇ ಓದಲಿ. ಮಾತ್ರೆ ಬಿಡಬೇಡ ಮಗಳೇ. ಒಂದು ದಿನವೂ ಬಿಡಬೇಡ.