ಮುಂಚೆಯೇ ಬಂದ ನಲವತ್ತನೇ ಕಿಲೋಮೀಟರ್

ಅಣ್ಣಾ,

ಹೇಗಿದ್ದೀ ಅಂತ ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ಮೂರು ವರ್ಷವಾಯಿತು. ನಿನ್ನ ಬೈಕು ಮತ್ತೆ ಶೆಡ್ಡಿನಿಂದ ಹೊರಗೆ ಬರಲಿದೆ.

ಇವತ್ತು ಬೆಳಿಗ್ಗೆ ನಿನ್ನ ಸ್ನೇಹಿತ ಮುರುಗೇಶ ಬಂದಿದ್ದ. ಕುಮಳಿ ಘಾಟಿ ಹತ್ತಿ ಕೊಚ್ಚಿ, ಅಲ್ಲಿಂದ ಮಂಗಳೂರು. ನೀನು ಮುಗಿಸದೆ ಬಿಟ್ಟ ಪ್ರಯಾಣವನ್ನು ನಿನ್ನ ಗಾಡಿಯಲ್ಲೇ ಮುಗಿಸುತ್ತಾನಂತೆ, ನಾಳೆಯೇ. ದಾರಿ ನೋಡಲು ಏನೇನು ತಂದು ಜಗಲಿಯ ಮೇಲೆ ಹರಡಿದ್ದ ಗೊತ್ತಾ? ಮಡಿಕೆಗಳಲ್ಲಿ ಹರಿದ ನಕ್ಷೆ, ಟ್ಯಾಂಕಿಗೆ ಅಂಟಿಸುವ ದಿಕ್ಸೂಚಿ, ಅವನ ಭಾವಮೈದ ಸಿಂಗಪುರದಿಂದ ತಂದ, ಉಪಗ್ರಹ ಹಿಡಿದು ದಿಕ್ಕು ಹೇಳುವ ಪೆಟ್ಟಿಗೆ. ಆನ್ ಮಾಡಿದರೆ ಅದು ಕೊಚ್ಚಿಯ ಕಡೆಗೆ ಒಂದು ಬಾಣ ತೋರಿಸಿತು, ಅಷ್ಟೇ. "ಸೀದಾ ಓಗು ಅಂತದೆ ಇದು. ನಡೂವೆ ಮಲೆ ಐತೆ ಅಂತ ಇದ್ಕೆ ಯಾರ್ ಏಳೋದು?" ಎಂದು ನಕ್ಕ. ಎಲ್ಲವನ್ನೂ ಬದಿಗೆ ಸರಿಸಿ ನಿನ್ನ ನೋಟ್‌ಬುಕ್ ಎತ್ತಿಕೊಂಡ. "ಇದ್ ಸಾಕು ತಂಬಿ. ನಿಮ್ಮಣ್ಣ ಬರ್ದಿದ್ದು ತಪ್ಪಾಗಲ್ಲ." ನಾನು ಶೆಡ್ಡಿನ ಕಡೆ ತಿರುಗಿ ನೋಡಿದೆ.

ಆ ನೋಟ್‌ಬುಕ್ಕಿನ ಹುಚ್ಚು ನೆನಪಿದೆಯಾ ನಿನಗೆ? ಘಾಟಿಯ ಕೆಳಗಿನ ನಮ್ಮ ಗೂಡಲೂರಿನ ಬಂಕಿನಿಂದ ಮೀಟರ್ ಹಿಡಿದು, ಇಷ್ಟನೇ ಕಿಲೋಮೀಟರಿಗೆ ಬಲ, ಇಷ್ಟನೆಯದಕ್ಕೆ ಎಡ ಎಂದು ಬರೆದಿಡುತ್ತಿದ್ದೆ. ಯಾರನ್ನಾದರೂ ದಾರಿ ಕೇಳುವುದೆಂದರೆ ನಿನಗೆ ಮಾನ ಹೋದಂತೆ. ನಲವತ್ತಕ್ಕೆ ಎಡ ಎಂದು ಹಿಂದೊಮ್ಮೆ ಅಳೆದು ಬರೆದಿದ್ದೀ. ಅದು ಸರಿಯಾಗಿಯೇ ಇದೆ ಅಣ್ಣಾ. ತಪ್ಪಿದ್ದು...

ನೀನು ಹೊರಡುವ ಹಿಂದಿನ ದಿನ ನೋಡಿದರೆ ಮೀಟರ್ ತಿರುಗಿಸುವ ಹಲ್ಲುಚಕ್ರ ಸವೆದಿತ್ತು. ಬೇರೆ ಗಾಡಿಯದೊಂದನ್ನು ಹಾಕಿದೆ, ನಿನಗೆ ಹೇಳಲಿಲ್ಲ. ಮುಳ್ಳು ಆಡಿತಲ್ಲ, ಸಾಕು ಅಂದುಕೊಂಡೆ. ಹತ್ತು ಓಡಿದರೆ ಅದು ಹನ್ನೊಂದು ತೋರಿಸುತ್ತಿತ್ತು. ಆ ಮಂಜಿನಲ್ಲಿ ನಿನಗೆ ನಲವತ್ತು ಮುಂಚೆಯೇ ಬಂತು. ಅಲ್ಲೂ ಎಡಕ್ಕೊಂದು ದಾರಿಯಿತ್ತು, ಸೇತುವೆ ಕುಸಿದ ಹಳೇ ದಾರಿ. ತಿರುಗುವಾಗ ಒಂದು ಕ್ಷಣವಾದರೂ ಅನುಮಾನ ಬರಲಿಲ್ಲವೇ? ಗಾಡಿ ಅಂಚಿನಲ್ಲೇ ಸಿಕ್ಕಿಕೊಂಡಿತ್ತು, ಬಿದ್ದದ್ದು ನೀನೊಬ್ಬನೇ. ಅದು ಮನೆಗೆ ಬಂದ ವಾರದಲ್ಲೇ ಮೀಟರನ್ನು ಕಂಬಂ ರಸ್ತೆಯ ಮೈಲಿಗಲ್ಲುಗಳಿಗೆ ಹೋಲಿಸಿ ನೋಡಿದೆ. ಆಮೇಲೆ ಅದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ಜನ ನೀನು ಕುಡಿದಿದ್ದೆ ಅಂದರು. ನಾನು ಸುಮ್ಮನಿದ್ದೆ.

ಇವತ್ತು ಮಧ್ಯಾಹ್ನ ಒಬ್ಬನೇ ಕೂತು ಸರಿಯಾದ ಚಕ್ರ ಹಾಕಿದೆ. ಮುರುಗೇಶನಿಗೆ ಇನ್ನು ಭಯವಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನಗೂ ಇರುತ್ತಿರಲಿಲ್ಲ. ಬಿಚ್ಚಿದ್ದನ್ನು ಕೈಯಲ್ಲಿ ಹಿಡಿದು ಹೊರಬಂದರೆ ಬಾಗಿಲಲ್ಲಿ ಅತ್ತಿಗೆ. ಏನದು ಎಂದು ಕೇಳಿದರು. ಸುಳ್ಳು ತುಟಿಯವರೆಗೂ ಬಂದಿತ್ತು, ಆದರೂ ಯಾಕೋ... ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಅಳಲಿಲ್ಲ. "ತಿಥಿ ದಿವ್ಸ ಚಿಕ್ಕಪ್ಪ ನನ್ ಮುಂದೇನೇ ನಿಮ್ಮಣ್ಣ ಕುಡ್ದು ಸತ್ತ ಅಂದಾಗ, ನೀನೂ ಅಲ್ಲೇ ಇದ್ದೆಯಲ್ಲಾ?" ಎಂದರು.

ಇದ್ದೆ ಅಣ್ಣಾ. ಊಟಕ್ಕೆ ಎಲೆ ಹಾಕುತ್ತಿದ್ದೆ.

"ನಾಳೆ ಗಾಡಿ ಕಳ್ಸೋಕೆ ಎಲ್ರೂ ಬತ್ತಾರೆ. ಅವ್ರೆಲ್ಲಾರ್ ಮುಂದೆ ಏಳು" ಎಂದು ಒಳಗೆ ಹೋದರು. ಹೇಳುತ್ತೇನೆ. ಆಮೇಲೆ ನಾನು ಎಲ್ಲಿಗೆ ಹೋಗಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.